ಸೈಟ್ ನೋಡುವ ಮೊದಲು ಮೇ ತಿಂಗಳು ನೋಡಿ

ಬೆಂಗಳೂರು ಸಾಕು, ಮಕ್ಕಳನ್ನು ಕರ್ಕೊಂಡು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವುದಾದರೂ ಸಣ್ಣ ಊರಿಗೆ ಬರ್ತೀವಿ ಅನ್ನುವವರು ಮೊದಲು ಕೇಳುವುದು ಸೈಟ್ ರೇಟು. ಅದನ್ನು ಕೊನೆಗೆ ಕೇಳಿ. ದಸರಾ ರಜೆಯಲ್ಲಿ ಹಸಿರು ತೊಗರಿ ಹೊಲ ನೋಡಿ ಮನಸ್ಸು ಮಾಡಬೇಡಿ.

ಮೊದಲ ಕೆಲಸ, ಮೇ ತಿಂಗಳಲ್ಲಿ ಬಂದು ನಾಲ್ಕು ದಿನ ಉಳಿಯುವುದು. ಕಲಬುರಗಿ, ಯಾದಗಿರಿಯಲ್ಲಿ ಆಗ ಬಿಸಿಲು 42 ಡಿಗ್ರಿ ದಾಟುತ್ತದೆ. ಬೀದರ್ ಎತ್ತರದಲ್ಲಿದೆ, ಅಲ್ಲಿ ಸ್ವಲ್ಪ ಹಗುರ. ಬೆಳಿಗ್ಗೆ ಓಣಿಯಲ್ಲಿ ಕೊಡ ಹಿಡಿದು ನಿಂತ ಹೆಣ್ಣುಮಕ್ಕಳನ್ನು ಕೇಳಿ: ನಳ ಎಷ್ಟು ದಿನಕ್ಕೊಮ್ಮೆ ಬರ್ತದ? ಮನೆ ಮಾಲೀಕರು ಹೇಳುವ ಲೆಕ್ಕಕ್ಕಿಂತ ಇದು ಖರೆ. ಶಹಾಪುರ, ಸುರಪುರ, ಹುಣಸಗಿ ಕಡೆ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಗದ್ದೆಗಳು ತುಂಬಿರುತ್ತವೆ. ಗದ್ದೆಗೆ ನೀರು ಬಂದರೆ ಮನೆಯ ನಳಕ್ಕೂ ಬರುತ್ತದೆ ಅಂತಲ್ಲ. ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಿ.

ಆಮೇಲೆ ಆಸ್ಪತ್ರೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಎರಡೂ ಕಲಬುರಗಿ ನಗರದಲ್ಲೇ ಇವೆ. ಮನೆಯಲ್ಲಿ ಹೃದ್ರೋಗದ ಹಿರಿಯರಿದ್ದರೆ ಸುಮಾರು 40 ಕಿಲೋಮೀಟರ್ ದೂರದ ಜೇವರ್ಗಿ ಅಥವಾ ಆಳಂದ ನಡೆದೀತು. ಅದಕ್ಕಿಂತ ದೂರ ಹೋಗುವ ಮುಂಚೆ ಎರಡು ಸಲ ಯೋಚಿಸಿ. ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹತ್ತು ಗಂಟೆಗೆ ನೀವೇ ಹೋಗಿ ನೋಡಿ, ಡಾಕ್ಟರ್ ಇದ್ದಾರಾ ಅಂತ. ಹಗಲು ಎಲ್ಲಾ ಚೆನ್ನಾಗೇ ಕಾಣುತ್ತದೆ.

ಓಡಾಟದ ಮಾತು ಸುಲಭ. ವಾಡಿ, ಶಹಾಬಾದ್, ಸೇಡಂ, ಯಾದಗಿರಿ, ಭಾಲ್ಕಿಗೆ ರೈಲಿದೆ. 2017ರಲ್ಲಿ ಬೀದರ್-ಕಲಬುರಗಿ ಮಾರ್ಗ ಶುರುವಾದ ಮೇಲೆ ಹುಮನಾಬಾದಿಗೂ ಇದೆ. ಶಹಾಪುರ, ಸುರಪುರ, ಆಳಂದಕ್ಕೆ ಬಸ್ಸೇ ಗತಿ.

ಶಾಲೆ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಗುವನ್ನು ನವೋದಯಕ್ಕೆ, ಅಂದರೆ ಆರನೇ ತರಗತಿಗೆ ಪರೀಕ್ಷೆ ಬರೆದು ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆಗೆ, ಸೇರಿಸುವ ಆಸೆ ಇದೆಯಾ? ಹಾಗಾದರೆ ಐದನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದಿರಬೇಕು. ಗ್ರಾಮೀಣ ಕೋಟಾ ಬೇಕಿದ್ದರೆ ಮೂರು, ನಾಲ್ಕು, ಐದು, ಮೂರೂ ವರ್ಷ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ಐದನೇ ತರಗತಿಯ ನಡುವೆ ಊರು ಬದಲಿಸಿದರೆ ಆ ಅವಕಾಶ ಸುಮ್ನೆ ಕೈತಪ್ಪುತ್ತದೆ. ಭಾಷೆಗೆ ಹೆದರಬೇಡಿ. ಭಾಲ್ಕಿ, ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಎಲ್ಲೆಡೆ ದಖನಿ ಉರ್ದು ಕಿವಿಗೆ ಬೀಳುತ್ತದೆ. ಮಕ್ಕಳು ಆಟದ ಬಯಲಲ್ಲೇ ಕಲಿತುಬಿಡುತ್ತಾರೆ. ಇದು ನನಗೆ ಈ ಭಾಗದ ದೊಡ್ಡ ಆಸ್ತಿ ಅನ್ನಿಸುತ್ತದೆ.

ಈಗ ಮನೆ. ಒಂದು ವರ್ಷ ಬಾಡಿಗೆಗೇ ಇರಿ. ನಮ್ಮ ಕಡೆ ಜಾಸ್ತಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಅಡಿಪಾಯ ಸರಿಯಿಲ್ಲದ ಕಡೆ ಗೋಡೆಯೂ ಅದರ ಜೊತೆ ಸೀಳುತ್ತದೆ. ನಮ್ಮ ಅಡುಗೆಮನೆ ಗೋಡೆ ಎರಡನೇ ಬೇಸಿಗೆಗೇ ಮೂಲೆಯಿಂದ ಬಿಟ್ಟಿತು. ಗಾರೆ ಮೆತ್ತಿದೆವು, ಮುಂದಿನ ವರ್ಷ ಮತ್ತೆ ಬಿಟ್ಟಿತು. ಮನೆ ನೋಡುವಾಗ ಹೊಸ ಬಣ್ಣದ ಮೇಲೆ ಕಣ್ಣಿಡಬೇಡಿ, ಕಿಟಕಿಯ ಮೂಲೆಗಳನ್ನು ನೋಡಿ. ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ, ಅಂದರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯ, ಫಾರ್ಮ್ 9 ಮತ್ತು ಅದರ ಜೊತೆ ಬರುವ 11ಎ ಕೇಳಿ. ಫಾರ್ಮ್ 9 ಇಲ್ಲದೆ ಬರೀ 11ಬಿ ತೋರಿಸಿದರೆ ಎಚ್ಚರ, ಅದು ಸಾಮಾನ್ಯವಾಗಿ ಅನುಮೋದನೆ ಆಗದ ಜಾಗದ್ದು. ಬಾಡಿಗೆ ಮನೆಯಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಕೇಳಿ. ಅವರು ಹೂಂ ಅಂದ ಮೇಲೆಯೇ ಮುಂಗಡ ಕೊಡಿ.