ಕಕ್ಕಡದ ಮಳೆಯಲ್ಲಿ ಅಜ್ಜನ ಚಿತೆ

ಮಧ್ಯಾಹ್ನ ಮೂರರ ಹೊತ್ತಿಗೆ ದೊಡ್ಡಪ್ಪ ಬೆಂಕಿ ಕೊಟ್ಟರು. ರಾತ್ರಿ ಒಂಬತ್ತಕ್ಕೆ ಕೆಂಡ ಮಾತ್ರ ಉಳಿದಿತ್ತು. ಒಂದು ಹನಿ ಡೀಸೆಲ್ ಸುರಿಯಲಿಲ್ಲ, ಟೈರು ಹಾಕಲಿಲ್ಲ. ಅಂದು ನಮ್ಮ ತೋಟದ ಮಳೆಮಾಪಕದಲ್ಲಿ ನಾಲ್ಕು ಇಂಚಿನ ಮೇಲೆ ನೀರಿತ್ತು. 2024ರ ಜುಲೈ ಕೊನೆ, ಕೊಡವರ ಮಳೆಗಾಲದ ಕಕ್ಕಡ ತಿಂಗಳು, ವಯನಾಡಿನಲ್ಲಿ ಗುಡ್ಡ ಕುಸಿದ ಸುದ್ದಿ ಬಂದ ವಾರ ಅದು. ಕೊಡಗಿನ ಮಾದಾಪುರದಿಂದ ಗರ್ವಾಲೆಯ ಕಡೆಗೆ ಹತ್ತುವ ರಸ್ತೆಯಲ್ಲಿ ವಾಸವಿರುವವರಿಗೆ ಆ ಮಳೆಯನ್ನು ವಿವರಿಸಬೇಕಾಗಿಲ್ಲ.

ಅಂತಹ ಮಳೆಯಲ್ಲಿ ಚಿತೆ ಉರಿಸಿದ್ದು ಹೇಗೆ ಎಂದು ಬಂಧುಗಳಲ್ಲಿ ಹಲವರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2018ರ ಆಗಸ್ಟ್ ನಡುವಿನಲ್ಲಿ ಚಿಕ್ಕಜ್ಜ ತೀರಿಕೊಂಡರು. ಸೌದೆಗೆ ಹನ್ನೆರಡು ಸಾವಿರದಷ್ಟು ಕೊಟ್ಟೆವು. ಜೀಪಿನಲ್ಲಿ ಬಂದದ್ದು ಹಸಿ ಸಿಲ್ವರ್ ಓಕ್. ಹೊಗೆ ಬಿಟ್ಟರೆ ಉರಿ ಇಲ್ಲ. ಮೇಲೆ ಕಟ್ಟಿದ ಟಾರ್ಪಾಲು ಅರ್ಧ ಗಂಟೆಯಲ್ಲಿ ಕರಗಿ ಚಿತೆಯ ಮೇಲೇ ಇಳಿಯಿತು. ಉರಿ ಏಳಲೆಂದು ಇಪ್ಪತ್ತು ಲೀಟರ್ ಡೀಸೆಲ್, ಒಂದು ಮೂಟೆ ಸಕ್ಕರೆ, ಕೊನೆಗೆ ಟೈರು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಉಳಿದದ್ದನ್ನು ಸುಡಬೇಕಾಯಿತು. ಅಜ್ಜ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಎಲ್ಲವನ್ನೂ ನೋಡಿದರು. ರಾತ್ರಿ ನನ್ನನ್ನು ಕರೆದು, "ನನಗೆ ಹೀಗೆ ಮಾಡಬೇಡ ಮಗ" ಎಂದರು. ನನಗೆ ಬೇರೆ ಅಪ್ಪಣೆ ಬೇಕಾಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸೌದೆ ಕೂಡಿಸಲು ಹೊರಟಾಗ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಬದುಕಿರುವವರ ಹೆಸರಿನಲ್ಲಿ ಸೌದೆ ಸೀಳಿಸುವುದು ಅಪಶಕುನ ಎಂದು ದೊಡ್ಡಪ್ಪ ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟರು. ಸೋದರತ್ತೆ ಅತ್ತರು. ಅಜ್ಜ ಮಾತ್ರ ಕೋಲೂರಿಕೊಂಡು ಬಂದು, ಗಾಳಿಗೆ ಬಿದ್ದಿದ್ದ ಹಲಸಿನ ಮರವನ್ನು ತಾವೇ ತೋರಿಸಿದರು.

ಸೌದೆಯ ವಿಷಯ ಇಷ್ಟೇ: ಹಲಸು, ನೇರಳೆ, ಮರುನಾಟಿಗೆಂದು ಕಿತ್ತ ಹಳೆಯ ಅರೇಬಿಕಾ ಕಾಫಿಯ ಬೊಡ್ಡೆ. ಕಾಂಡದೊಳಗೆ ಕೊರೆಯುವ ಬಿಳಿ ಕಾಂಡಕೊರಕ ಹುಳು ಬಿದ್ದ ಕಾಫಿ ಗಿಡವನ್ನು ಮಾತ್ರ ಕೂಡಿಡಬೇಡಿ. ಅದನ್ನು ಆಗಲೇ ಸುಟ್ಟುಬಿಡಿ, ಇಲ್ಲದಿದ್ದರೆ ದುಂಬಿ ಹೊರಬಂದು ಉಳಿದ ಗಿಡಗಳನ್ನೂ ಹಿಡಿಯುತ್ತದೆ. ಒಟ್ಟು ಆರುನೂರು ಕಿಲೋ ಇದ್ದಿರಬೇಕು. ಸುಟ್ಟದ್ದು ನಾನೂರೈವತ್ತರ ಆಸುಪಾಸು. ಹಿಂದೆ ಏಲಕ್ಕಿ ಒಣಗಿಸುತ್ತಿದ್ದ ಗೂಡು ಖಾಲಿ ಬಿದ್ದಿತ್ತು, ಅದರ ಅಟ್ಟದಲ್ಲಿ ಜೋಡಿಸಿದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಕೆಳಗೆ ಸಣ್ಣ ಬೆಂಕಿ. ಐದು ಮಳೆಗಾಲ ಬಿಡದೆ ಮಾಡಿದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಬಡಿದರೆ ಠಣ್ ಎನ್ನುತ್ತಿತ್ತು.

ಚಿತೆಯ ಮೇಲೆ ಮಳೆ ಬೀಳದಂತೆ ಹಾಕುವ ಚಪ್ಪರದ ಕೆಲಸ ಹೆಚ್ಚು ಕಾಡಿತು. ಮೊದಲ ಸಲ ನಾಲ್ಕು ಕಬ್ಬಿಣದ ಪೈಪು ನೆಟ್ಟು, ಮರದ ಅಡ್ಡಪಟ್ಟಿಯ ಮೇಲೆ ತಗಡು ಹೊದಿಸಿದೆ. ಎತ್ತರ ಒಂಬತ್ತು ಅಡಿ. 2021ರ ಜುಲೈಯಲ್ಲಿ ಎರಡು ಬಾಳೆದಿಂಡನ್ನು ಇಟ್ಟು ಪರೀಕ್ಷೆಗೆ ಸುಟ್ಟೆ. ಪಟ್ಟಿಗಳು ಕರಕಲಾದವು, ನೈಲಾನ್ ಹಗ್ಗ ಉರಿದುಹೋಯಿತು, ಒಂದು ತಗಡು ಜಾರಿ ಬಿತ್ತು. ಆಮೇಲೆ ಹನ್ನೆರಡು ಅಡಿಗೆ ಏರಿಸಿ, ಆಂಗಲ್ ಕಬ್ಬಿಣದ ಪಟ್ಟಿ ಹಾಕಿ ತಂತಿಯಲ್ಲಿ ಬಿಗಿದೆ. ವೆಲ್ಡಿಂಗ್ ಸೇರಿ ಹದಿನಾಲ್ಕು ಸಾವಿರ ಆಗಿರಬಹುದು. ತಗಡು ಹಳೆಯದು, ಅದಕ್ಕೆ ಖರ್ಚಿಲ್ಲ. ಗಾಳಿ ಬಡಿಯುವ ನೈಋತ್ಯದ ಬದಿಗೆ ಮಾತ್ರ ತಗಡಿನ ಗೋಡೆ, ಉಳಿದ ಮೂರು ಬದಿ ತೆರೆದೇ ಇರಬೇಕು. ಮೂರು ಕಡೆ ಮುಚ್ಚಿ ನೋಡಿದಾಗ ಹೊಗೆ ಒಳಗೇ ಸುತ್ತಿ ಉರಿ ಸತ್ತಿತ್ತು.

ನೆಲದ ಮೇಲೆ ಚಿತೆ ಒಡ್ಡಬೇಡಿ. ಕೆಳಗೆ ನೀರು ಹರಿದರೆ ಮೇಲೆ ಎಷ್ಟು ತುಪ್ಪ ಸುರಿದರೂ ವ್ಯರ್ಥ. ಒಂದೂವರೆ ಅಡಿ ಕಲ್ಲು ಕಟ್ಟಿ ಅದರ ಮೇಲೆ ಕಬ್ಬಿಣದ ಜಾಲರಿ ಇಟ್ಟೆ, ಸುತ್ತ ಚರಂಡಿ ತೋಡಿಸಿದೆ. ಕಾಫಿ ಸಿಪ್ಪೆಯನ್ನು ಸಂದುಗಳಿಗೆ ತುಂಬಿ ನೋಡಿದ್ದೂ ಉಂಟು. ಗಾಳಿ ಹೋಗುವ ದಾರಿ ಕಟ್ಟಿಕೊಂಡು ಕೆಟ್ಟಿತು. ತೆಂಗಿನ ಗೆರಟೆ ಒಳ್ಳೆಯದು. ಅತ್ಯಂತ ಕೆಳಗಿನ ಸಾಲನ್ನು ಯಾವ ಮರದಿಂದ, ಯಾವ ಕಡೆಗೆ ತಲೆ ಮಾಡಿ ಜೋಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಗತ್ಯ ಬಿದ್ದವರು ಮನೆಗೆ ಬರಲಿ, ಕೈಯಾರೆ ತೋರಿಸಿಕೊಡುತ್ತೇನೆ.

ಅಜ್ಜ ಹೋದಾಗ ಕರೆಂಟು ಹೋಗಿ ಐದು ದಿನವಾಗಿತ್ತು. ಮೊಬೈಲ್ ಸಿಗ್ನಲ್ ಇರಲಿಲ್ಲ. ಜೀಪಿನಲ್ಲಿ ಮಾದಾಪುರಕ್ಕೆ ಇಳಿದು ಅಲ್ಲಿಂದ ಫೋನ್ ಮಾಡಿದೆವು. ಬೆಂಗಳೂರು, ಮೈಸೂರಿನವರು ಬರುವವರೆಗೆ ಒಂದೂವರೆ ದಿನ ಫ್ರೀಜರ್ ಪೆಟ್ಟಿಗೆ ಬೇಕಾಯಿತು. ಬಾಡಿಗೆ ಐದು ಸಾವಿರ, ಜನರೇಟರಿನ ಡೀಸೆಲ್ ಬೇರೆ. ಸುಮಾರು ನೂರೈವತ್ತು ಜನ ಸೇರಿದರು. ಇಪ್ಪತ್ತು ವರ್ಷದಿಂದ ಪರಸ್ಪರ ಮಾತನಾಡದ ಇಬ್ಬರು ಚಿಕ್ಕಪ್ಪಂದಿರು ಒಂದೇ ಕೊಡೆಯಲ್ಲಿ ನಡೆದುಬಂದರು. ಅಷ್ಟು ಜನರನ್ನು ಕೂರಿಸುವುದೆಲ್ಲಿ? ಕಾಫಿ ಒಣಗಿಸುವ ಪಾಲಿಹೌಸನ್ನು ಗುಡಿಸಿ ಚಾಪೆ ಹಾಸಿದೆ. ನೆರೆಯವರು ಬೇಯಿಸಿ ತಂದ ಅನ್ನ, ಹುರುಳಿ ಸಾರನ್ನು ಎಲ್ಲರೂ ಅಲ್ಲೇ ಉಂಡರು. ಒಂದು ಬದಿಗೆ ತಂತಿ ಕಟ್ಟಿ ಅವರ ಒದ್ದೆ ಬಟ್ಟೆಗಳನ್ನೂ ಹರವಿದೆ. ಆ ಯೋಚನೆ ನನ್ನದೇ, ಅತ್ತೆಯಂದಿರು ಇಂದಿಗೂ ಹೊಗಳುತ್ತಾರೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಮದ್ದು ಸೊಪ್ಪಿನ ಅಡುಗೆ ಉಣ್ಣುವ ದಿನ. ಆ ವರ್ಷ ಮದ್ದು ಸೊಪ್ಪಿನ ಪಾಯಸ ಮಾಡಲಿಲ್ಲ. ಅಜ್ಜನಿಗೆ ಅದು ಬಹಳ ಇಷ್ಟವಾಗಿತ್ತು.

ಹೆಣ ಹೊರುವ ಮೊದಲೂ ದೊಡ್ಡಪ್ಪ, "ಎರಡು ಕ್ಯಾನ್ ಡೀಸೆಲ್ ಇರಲಿ" ಎಂದು ತರಿಸಿದ್ದರು. ಕ್ಯಾನ್ ಮುಚ್ಚಳ ತೆರೆಯದೆ ಹಾಗೆಯೇ ಮನೆಗೆ ವಾಪಸು ಬಂತು. ಉರಿ ಎದೆಯೆತ್ತರಕ್ಕೆ ಬಂದಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರು ಅಳುತ್ತಿದ್ದಾರೆಂದೂ ಕೇಳುತ್ತಿರಲಿಲ್ಲ.

ಬೂದಿಯನ್ನು ತಕ್ಷಣ ಭಾಗಮಂಡಲಕ್ಕೆ ಒಯ್ಯಲಾಗಲಿಲ್ಲ. ಅಂತಹ ಮಳೆಯಲ್ಲಿ ಸಂಗಮ ಯಾವುದು, ರಸ್ತೆ ಯಾವುದು ಎಂದು ತಿಳಿಯುವುದಿಲ್ಲ. ಮಡಕೆಯನ್ನು ಹಲಸಿನ ಕೊಂಬೆಗೆ ಕಟ್ಟಿಟ್ಟು, ಕಾವೇರಿ, ಕನ್ನಿಕೆ ನದಿಗಳ ನೀರು ಇಳಿದ ಮೇಲೆ ಹೋಗಿ ಬಿಟ್ಟು ಬಂದೆವು.

ಅಜ್ಜ ಹುಡುಗನಾಗಿದ್ದಾಗಿನಿಂದ ಮಳೆಯ ಲೆಕ್ಕದ ಪುಸ್ತಕ ಬರೆಯುತ್ತಿದ್ದರು, ಇಂಚು, ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಎಂದು. ಅವರನ್ನು ಸುಟ್ಟ ದಿನದ ಮಳೆಯನ್ನು ಅದೇ ಪುಸ್ತಕದಲ್ಲಿ ನಾನು ಬರೆದೆ. ಚಪ್ಪರದ ಪೈಪು, ತಗಡು ಈಗ ಏಲಕ್ಕಿ ಗೂಡಿನಲ್ಲಿವೆ. ಈಗಾಗಲೇ ಎರಡು ಮನೆಯವರು ಒಯ್ದು ಬಳಸಿದ್ದಾರೆ. ಬಾಡಿಗೆ ಕೇಳುವುದಿಲ್ಲ. ಬಿಗಿದ ತಂತಿಯನ್ನು ಮಾತ್ರ ಹೊಸದಾಗಿ ತನ್ನಿ. ಒಮ್ಮೆ ಕಾದ ತಂತಿ ಎರಡನೆಯ ಸಲಕ್ಕೆ ಮುರಿಯುತ್ತದೆ.