ಮಗಳು ಸಾಫ್ಟ್‌ಬಾಲ್ ಪಿಚರ್ ಆದ್ಲಂದ್ರ ಚೆಂಡು ಎಣಸೋದು ನಿಮ್ಮ ಕೆಲಸಾನ ರೀ

ಹುಬ್ಬಳ್ಳಿ ವಿದ್ಯಾನಗರದಾಗ ಅವ್ವನ ಮನ್ಯಾಗ, ಅಮೆರಿಕಾದಿಂದ ರಜಾಕ್ಕ ಬಂದು, ಕುಂತು ಇದನ್ನ ಬರಿಯಾಕತ್ತೇನಿ, ಹೊರಗ ಜಿಟಿಜಿಟಿ ಮಳಿ, ಮಗಳು ಅಜ್ಜಿ ಜೋಡಿ ಶೇಂಗಾ ಸುಲಿಯಾಕತ್ತಾಳ. ಮೊನ್ನೆ ಗದಗಿನ ಗೆಳೆಯಾ ಒಬ್ಬಾಂವ ಅಮೆರಿಕಾದಿಂದ ಫೋನ್ ಮಾಡಿದ್ದ, ಅವನ ಮಗಳನ್ನ ಸಾಫ್ಟ್‌ಬಾಲ್‌ಗೆ (ಬೇಸ್‌ಬಾಲ್ ಹಂಗ, ಆದ್ರ ಚೆಂಡು ದೊಡ್ಡದು, ಕೈ ಕೆಳಗಿಂದ ಒಗಿಯೋದು) ಹಾಕ್ಯಾನ, ಕೋಚ್ "ಈಕಿ ಕೈ ಛಲೋ ಐತಿ, ಪಿಚರ್ ಮಾಡೋಣು" ಅಂದಾನಂತ, ಪಿಚರ್ ಅಂದ್ರ ನಮ್ಮ ಬೌಲರ್ ಇದ್ದಂಗ, ಖುಷೀಲೇ ಅವನ ಮಾತು ನಿಲ್ಲವಲ್ದು. ಅವಂಗ ಹೇಳಿದ್ದನ್ನ ನಿಮಗೂ ಹೇಳ್ತೇನಿ, ಹುಬ್ಬಳ್ಳಿ ಧಾರವಾಡ ಗದಗ ಹಾವೇರಿ ಕಡಿಂದ ಹೋಗಿ ಅಲ್ಲಿ ಮಕ್ಕಳ್ನ ಬೆಳಸಾಕತ್ತವ್ರು ಭಾಳ ಮಂದಿ ಇದ್ದೀರಿ, ನಮಗ ಯಾರಿಗೂ ಈ ಆಟ ಹುಟ್ಟಿದಾಗಿಂದ ಗೊತ್ತಿಲ್ಲ.

ಮೊದಲ ವ್ಯವಸ್ಥಾ ಹೆಂಗ ಐತಿ ಅಂದ್ರ, ಊರಿನ ಪಾರ್ಕ್‌ನ್ಯಾಗ ನಡಿಯೋ ರೆಕ್ ಲೀಗ್ ಒಂದು, ವಸಂತದಾಗ ಎರಡು ಮೂರು ತಿಂಗಳು, ಕೋಚ್ ಅಂದ್ರ ಯಾವುದೋ ಹುಡುಗಿ ಅಪ್ಪನೋ ಅವ್ವನೋ, ಪಗಾರ ಇರಂಗಿಲ್ಲ. ಅದರ ಮ್ಯಾಲ ಟ್ರಾವೆಲ್ ಬಾಲ್, ಅಂದ್ರ ಊರೂರು ತಿರುಗಿ ಆಡೋ ತಂಡ, ಅದಕ್ಕ ಟ್ರೈಔಟ್ (ಆಯ್ಕೆ ಪರೀಕ್ಷಾ) ಇರ್ತೈತಿ, ರೊಕ್ಕ ಬ್ಯಾರೆ, ಶನಿವಾರ ಐತವಾರ ಪೂರ್ತಿ ಟೂರ್ನಮೆಂಟ್. ವಯಸ್ಸಿನ ಗುಂಪಿಗೆ 10ಯು, 12ಯು, 14ಯು ಅಂತಾರ, ಯು ಅಂದ್ರ ಅಂಡರ್. 10ಯುದಾಗ ಬ್ಯಾಟ್ ಹಿಡದಾಕಿ ಕಡೆ 35 ಅಡಿಯಿಂದ ಒಗಿಯೋದು, 11 ಇಂಚಿನ ಚೆಂಡು, 12ಯುದಾಗ 40 ಅಡಿ ಮತ್ತ ಚೆಂಡು 12 ಇಂಚು, 14ರ ಹೊತ್ತಿಗೆ 43 ಅಡಿ, ಹೈಸ್ಕೂಲ್ ಕಾಲೇಜಿನಾಗೂ ಅಷ್ಟ. ಇಂಚು ಅಂದ್ರ ಸುತ್ತಳತಿ ಮತ್ತ, ಅಡ್ಡಳತಿ ಅಲ್ಲ, ನಾ ಮೊದಲ ಸಲ ಅಂಗಡ್ಯಾಗ ನಗೆಪಾಟಲಾಗಿದ್ದೆ. ಗುಂಪು ಬದಲಾದಾಗ ಚೆಂಡು ದೊಡ್ಡದಾಗ್ತೈತಿ, ದೂರಾನೂ ಹೆಚ್ಚಾಗ್ತೈತಿ, ಹುಡುಗಿ ಮಾತ್ರ ಹೋದ ತಿಂಗಳ ಹುಡುಗೀನ. ಆ ಒಂದು ಸೀಸನ್ ಭಾಳ ಸೂಕ್ಷ್ಮ.

ಈಗ ಮುಖ್ಯ ಮಾತು. ಬೇಸ್‌ಬಾಲ್ ಆಡೋ ಹುಡುಗ್ರಿಗೆ ಪಿಚ್ ಕೌಂಟ್, ಅಂದ್ರ ಒಗದ ಚೆಂಡಿನ ಲೆಕ್ಕ, ಅಂತ ಕಟ್ಟುನಿಟ್ಟಿನ ನಿಯಮ ಐತಿ, ಲಿಟಲ್ ಲೀಗ್ (ಮಕ್ಕಳ ಆಟ ನಡಸೋ ದೊಡ್ಡ ಸಂಸ್ಥಾ) ಬೇಸ್‌ಬಾಲ್‌ನ್ಯಾಗ 2007ರಿಂದ, 11-12 ವಯಸ್ಸಿನಾಂವ ದಿನಕ್ಕ 85ರ ಮ್ಯಾಲ ಒಗಿಯಂಗಿಲ್ಲ, 66 ಆದ್ರ ನಾಲ್ಕು ದಿನ ರಜಾ. ಹುಡುಗ್ಯಾರ ಸಾಫ್ಟ್‌ಬಾಲ್‌ನ್ಯಾಗ ಲಿಟಲ್ ಲೀಗಿನ ಸಣ್ಣವ್ರಿಗೆ ಚೆಂಡಲ್ಲ, ಇನ್ನಿಂಗ್ಸ್ ಲೆಕ್ಕ (ಇಲ್ಲಿ ಇನ್ನಿಂಗ್ಸ್ ಅಂದ್ರ ಎದುರಿನವ್ರು ಮೂರು ಮಂದಿ ಔಟ್ ಆಗೋ ತನಕ), ದಿನಕ್ಕ 12, ಒಂದ ದಿನ 7 ಆದ್ರ ಒಂದು ದಿನ ವಿಶ್ರಾಂತಿ. ಇನ್ನಿಂಗ್ಸಿಗೆ 15 ಚೆಂಡು ಹಿಡೀರಿ, 12ಕ್ಕ 180 ಆತು! ಟ್ರಾವೆಲ್ ಟೂರ್ನಮೆಂಟಿನಾಗಂತೂ ಸಾಮಾನ್ಯವಾಗಿ ಅದೂ ಇರಂಗಿಲ್ಲ. ವನ್‌ಡೇದಾಗ ಬುಮ್ರಾ 10 ಓವರ್ ಹಾಕಿದ್ರ 60 ಚೆಂಡು, ನಾವು ಅದನ್ನ ಟಿವಿ ಮುಂದ ಕುಂತು ಸುಸ್ತಾದ ಪಾಪ ಅಂತೇವಿ.

ಯಾಕ ಹಿಂಗ ಅಂದ್ರ, ಕೈ ಕೆಳಗಿಂದ ಒಗಿಯೋದು ಸಹಜ, ಅದಕ್ಕ ರಟ್ಟಿಗೆ ಏನೂ ಆಗಂಗಿಲ್ಲ ಅಂತ ಬಾಯಿಂದ ಬಾಯಿಗೆ ಬಂದ ಮಾತು, ಇವತ್ತಿಗೂ ಮೈದಾನದಾಗ ಕೇಳಸ್ತೈತಿ. ಖರೇ ಹಂಗಿಲ್ಲ. ವಿಂಡ್‌ಮಿಲ್ ಪಿಚ್ ಅಂದ್ರ ಕೈ ಪೂರ್ತಿ ಒಂದು ಸುತ್ತ ತಿರುಗಿ ತೊಡಿ ಹತ್ರ ಚೆಂಡು ಬಿಡೋದು, ಆಗ ಭುಜದ ಕೀಲನ್ನ ಎಳಿಯೋ ಬಲ ಮೈತೂಕದ ಹತ್ರಹತ್ರಕ್ಕ ಹೋಗ್ತೈತಿ ಅಂತ ಪ್ರಯೋಗಾಲಯದಾಗ ಅಳದ ನೋಡ್ಯಾರ, ಆ ಜಗ್ಗಾಟ ತಡಿಯೋದ್ರಾಗ ಮುಂದಿನ ಬೈಸೆಪ್ಸ್ ಸ್ನಾಯು ಭಾಳ ದುಡಿತೈತಿ, ಅದಕ್ಕ ಇವ್ರಿಗೆ ನೋವು ಬರೋದು ಹೆಚ್ಚಾಗಿ ಭುಜದ ಮುಂಭಾಗಕ್ಕ.

ನಮ್ಮನ್ಯಾಗ ಇದು ತಿಳದಿದ್ದು ಜಡಿ ಹಾಕೋ ಹೊತ್ತಿನಾಗ. ಆಕಿಗೆ 11, ಸೋಮವಾರ ಮುಂಜಾನೆ ಸಾಲಿಗೆ ಹೊಂಟಿದ್ಲು, ಕೈ ಹಿಂದಕ ಎತ್ತಾಕ ಹೋಗಿ ಕೆಳಗಿಟ್ಲು, ಮತ್ತ ಎತ್ತಿದ್ಲು, ಮತ್ತ ಇಟ್ಲು, ಏನೂ ಮಾತಾಡ್ಲಿಲ್ಲ, ಕಡೀಕೆ "ಪಪ್ಪಾ, ಅಮ್ಮಗ ಕರಿ" ಅಂದ್ಲು. ಆ ವಾರದ ಲೆಕ್ಕ ಆಮ್ಯಾಲ ಕುಂತು ಹಾಕಿದ್ವಿ: ಮಂಗಳವಾರ ಪಿಚಿಂಗ್ ಲೆಸನ್‌ನ್ಯಾಗ 70, ಗುರುವಾರ ಪ್ರಾಕ್ಟೀಸ್ 60, ಶನಿವಾರ ಎರಡು ಮ್ಯಾಚ್ 62 ಮತ್ತ 58, ಎರಡಕ್ಕೂ ಮೊದಲು ವಾರ್ಮ್‌ಅಪ್ 25-25, ಐತವಾರ 74 ಮತ್ತ 25. ಒಟ್ಟ 399. ಕೋಚ್ ಹೇಳಿದ್ದು ಏನಪಾ ಅಂದ್ರ "ಮ್ಯಾಚಿಗೆ 60 ಚಿಲ್ಲರ ಆತು, ಜಾಸ್ತಿ ಏನಲ್ಲ"! ಅವನ ಲೆಕ್ಕಾನೂ ಸುಳ್ಳಲ್ಲ, ಅವಂಗ ಕಂಡಿದ್ದು ಒಂದೊಂದ ಮ್ಯಾಚ್, ಮಂಗಳವಾರದ ಲೆಸನ್ ಅವಂಗೆಲ್ಲಿ ಗೊತ್ತು. ಪೂರ್ತಿ ವಾರ ಕಾಣೋದು ತಾಯಿ ತಂದಿಗೆ ಅಷ್ಟ.

ಕ್ರೀಡಾ ವೈದ್ಯರ ಕಡಿಂದ ಸ್ಟಾಪ್ ಸ್ಪೋರ್ಟ್ಸ್ ಇಂಜುರೀಸ್ ಅನ್ನೋ ಅಭಿಯಾನ ಐತಿ, ಅವ್ರು ಸಾಫ್ಟ್‌ಬಾಲ್‌ಗೂ ಒಂದು ಅಂಕಿ ಕೊಟ್ಟಾರ. 8-10 ವಯಸ್ಸಿಗೆ ಮ್ಯಾಚಿಗೆ 50, ದಿನಕ್ಕ 80. 10-12ಕ್ಕ 65 ಮತ್ತ 95. ಈ ಎರಡಕ್ಕೂ ಎರಡು ದಿನ ಒಗದ್ರ ಮೂರನೇ ದಿನ ಸೊನ್ನಿ. 13-14ಕ್ಕ 80 ಮತ್ತ 115, ಮೂರನೇ ದಿನ 80. ಇದು ಸಲಹಾ, ಕಾನೂನಲ್ಲ, ಅಂಪೈರ್ ಬಂದು ನಿಲ್ಲಸಂಗಿಲ್ಲ. ನಮ್ಮಾಕಿ ಶನಿವಾರ ಎರಡೂ ಮ್ಯಾಚಿನಾಗ 65ರ ಒಳಗ ಇದ್ಲು, ದಿನದ ಲೆಕ್ಕದಾಗ 120!

ಈಗ ನಾ ಹೆಂಗ ಎಣಸ್ತೇನಿ ಅಂದ್ರ, ಅವ್ವ ಸಿದ್ಧಾರೂಢ ಮಠದ ಹೊರಗಿನ ಅಂಗಡ್ಯಾಗ ಕೊಂಡಿದ್ದ ಜಪದ ಕೌಂಟರ್, ಬೆರಳಿಗೆ ಹಾಕ್ಕೊಂಡು ಒತ್ತೋದು. ನಾ ಬಕೆಟ್ ಬೋರಲ ಹಾಕಿ ಅದರ ಮ್ಯಾಲ ಕುಂತು ಮಗಳ ಚೆಂಡು ಹಿಡಿಯಾಂವ, ಅಲ್ಲಿ ಇದಕ್ಕ ಬಕೆಟ್ ಡ್ಯಾಡ್ ಅಂತ ಹೆಸರು ಐತಿ. ವಿಡಿಯೋ ಕಾಲ್‌ನ್ಯಾಗ ನೋಡಿದ ಅವ್ವ "ಓಂ ನಮಃ ಶಿವಾಯ ಅಂತಿಯೋ ಇಲ್ಲೋ" ಅಂತ ಕೇಳಿದ್ಲು. ವಾರ್ಮ್‌ಅಪ್, ಲೆಸನ್, ಹಿತ್ತಲ, ಎಲ್ಲಾ ಎಣಸ್ರಿ.

ಕೋಚ್ ಜೋಡಿ ಮಾತಾಡೋದಕ್ಕ ನಮ್ಮವ್ರು ಹಿಂಜರಿತಾರ, ದೊಡ್ಡವ್ರಿಗೆ ಎದುರು ಹೇಳಿದಂಗ ಆಗ್ತೈತಿ ಅಂತ. ಅಲ್ಲಿ ಅದು ತಪ್ಪಲ್ಲ, ಆದ್ರ ಹೊತ್ತು ನೋಡಬೇಕು. ಭಾಳ ತಂಡದಾಗ 24 ತಾಸಿನ ನಿಯಮ ಇರ್ತೈತಿ, ಮ್ಯಾಚ್ ಮುಗದ 24 ತಾಸು ತಕರಾರು ಮಾಡಂಗಿಲ್ಲ. ಅದಕ್ಕ ಶುಕ್ರವಾರಾನ ಒಂದು ಮೆಸೇಜ್ ಹಾಕ್ತೇನಿ, "ಈ ವಾರ 100 ಆಗೇತಿ, ನಾಳೆ ಒಂದ ಮ್ಯಾಚ್ ಒಗೀತಾಳ, ಇನ್ನೊಂದ್ರಾಗ ಫಸ್ಟ್ ಬೇಸ್‌ನ್ಯಾಗ ಫೀಲ್ಡಿಂಗ್ ಮಾಡ್ಲಿ". ಹುಡುಗೀನ್ನ "ಇನ್ನೊಂದು ಇನ್ನಿಂಗ್ಸ್ ಆಗ್ತದೇನು" ಅಂತ ಕೇಳಿದ್ರ ಆಕಿ ಇಲ್ಲ ಅನ್ನಂಗಿಲ್ಲ, ಯಾವ ಹುಡುಗಿನೂ ಅನ್ನಂಗಿಲ್ಲ, ಆ ಪ್ರಶ್ನಿ ನಿಮ್ಮ ಕಡೆ ಬರೋಹಂಗ ಮಾಡ್ರಿ. ತಂಡದಾಗ ಪಿಚರ್ ಒಬ್ಬಾಕೀನ ಇದ್ರ ಇದೆಲ್ಲಾ ನಡಿಯಂಗಿಲ್ಲ, ಸೇರಿಸೋ ಮುಂದನ ಎಷ್ಟು ಪಿಚರ್ ಅದಾರ ಕೇಳ್ರಿ, ನನ್ನ ಪ್ರಕಾರ ಮೂರಕ್ಕ ಕಡಿಮಿ ಇದ್ರ ಬ್ಯಾಡ.

ನೋವು ಬಂದ್ರ ಬಾಮ್ ಹಚ್ಚಿ ಗುಳಗಿ ಕೊಟ್ಟು ಮೈದಾನಕ್ಕ ಇಳಿಸಬ್ಯಾಡ್ರಿ. ಮೊದಲ ಮಕ್ಕಳ ಡಾಕ್ಟರ್, ಅವ್ರು ಸ್ಪೋರ್ಟ್ಸ್ ಮೆಡಿಸಿನ್‌ಗೆ ಕಳಸ್ತಾರ. ನಿಮ್ಮ ಇನ್ಶುರೆನ್ಸ್ ಎಚ್‌ಎಂಓ (ಕಂಪನಿ ಗೊತ್ತು ಮಾಡಿದ ಡಾಕ್ಟರ ಕಡೇನ ಹೋಗೋ ಪಾಲಿಸಿ) ಇದ್ರ ಸಾಮಾನ್ಯವಾಗಿ ರೆಫರಲ್, ಅಂದ್ರ ಮೊದಲ ಡಾಕ್ಟರ ಚೀಟಿ, ಬೇಕ ಬೇಕು, ಫಿಸಿಯೋಥೆರಪಿಗೆ ವರ್ಷಕ್ಕ ಎಷ್ಟು ಸಲ ಅಂತ ಮೊದಲ ನೋಡ್ರಿ. ನಮ್ಮಾಕಿಗೆ ಆರು ವಾರ ಚೆಂಡು ಬಂದ್.

ಇನ್ನ ಕಲಿಸೋದು. ಹತ್ತರ ಹುಡುಗಿಗೆ ಕರ್ವ್ ಬಾಲ್ (ಪಕ್ಕಕ್ಕ ತಿರುಗೋದು) ರೈಸ್ ಬಾಲ್ (ಮ್ಯಾಲೇಳೋಹಂಗ ಕಾಣೋದು) ಕಲಿಸ್ತೇವಿ ಅನ್ನೋ ಲೆಸನ್ ಮಾಸ್ತರನ್ನ ನಾ ಎರಡನೇ ಸಲ ನೋಡಾಕ ಹೋಗಂಗಿಲ್ಲ. ಮೊದಲ ಕಾಲಿನ ತಳ್ಳು, ಸೊಂಟ, ಬೆನ್ನು ನೆಟ್ಟಗ, ಆಮ್ಯಾಲ ಒಂದ ಚೇಂಜ್‌ಅಪ್, ಅದ ಕೈ ಅದ ರಭಸ ಕಂಡು ಚೆಂಡು ಮಾತ್ರ ನಿಧಾನ ಬರೋದು, 12ಯು ತನಕ ಅಷ್ಟ ಸಾಕು. ಬ್ಯಾರೆ ಆಟಾನೂ ಆಡ್ಲಿ, ಅಮೆರಿಕಾದ ಮಕ್ಕಳ ಡಾಕ್ಟರ ಸಂಘಾನೂ ವಾರಕ್ಕ ಒಂದೆರಡು ದಿನ, ವರ್ಷಕ್ಕ ಒಟ್ಟ ಎರಡು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು ಅಂತೈತಿ.

ನಮಗ ಆ ಬಿಡುವು ಊರಿಗೆ ಬರೋ ರಜಾನ. ಆಗಸ್ಟ್‌ನ್ಯಾಗ ಟ್ರೈಔಟ್ ಇರ್ತಾವ, ಜಾಗಾ ಹೋಗ್ತೈತಿ ಅಂತ ಟಿಕೆಟ್ ಕ್ಯಾನ್ಸಲ್ ಮಾಡಿದವ್ರನ್ನೂ ನೋಡೇನಿ. ಹೊರಡೋ ಮುಂದ ಮೇಲ್ ಹಾಕಿ ತಾರೀಖು ಹೇಳ್ರಿ, ಬ್ಯಾರೆ ದಿನ ನೋಡೋ ಕೋಚ್‌ಗಳು ಅದಾರ. ವಾಪಸ್ ಹೋದ ಮ್ಯಾಲ ಮೊದಲ ವಾರ ಅರ್ಧ ದೂರದಿಂದ 20-25, ದಿನಾ ಬಿಟ್ಟು ದಿನಾ, ಪೂರ್ತಿ ಜೋರು ಮೂರ್ನಾಲ್ಕು ವಾರದ ಮ್ಯಾಲ. ಸದ್ಯ ಆಕಿ ಮುಂಜಾನೆ ನನ್ನ ಜೋಡಿ ಉಣಕಲ್ ಕೆರಿ ದಂಡಿಗುಂಟ ಓಡ್ತಾಳ, ಕೌಂಟರ್ ಅವ್ವನ ಬೆರಳಿಗೆ ವಾಪಸ್ ಹೋಗೇತಿ.