ಹಲಸಿನ ಹಪ್ಪಳದ ಆ್ಯಡಿಗೆ ಹಾಕಿದ ದುಡ್ಡನ್ನು ನಾನು ಖರ್ಚು ಅಂತ ಬರಿಯುದಿಲ್ಲ

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ. ಎಪ್ರಿಲ್ ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಮಾಡಿ ಒಣಗಿಸಿ ಇಡುದು, ಮಳೆ ಶುರು ಆದ ಮೇಲೆ ವಾಟ್ಸಾಪಲ್ಲಿ ಆರ್ಡರ್ ತಗೊಂಡು ಕಳಿಸುದು, ಇಷ್ಟೇ ನಮ್ಮ ಬಿಸಿನೆಸ್ಸು. ಗಿರಾಕಿಗಳು ಜಾಸ್ತಿ ಬೆಂಗ್ಳೂರು, ಮೈಸೂರು, ಸ್ವಲ್ಪ ಮುಂಬೈ, ಹೆಚ್ಚಿನವರು ಊರು ಬಿಟ್ಟು ಹೋದ ನಮ್ಮವರೇ. ತುಂಬ ಜನ ನನ್ನತ್ರ ಕೇಳುದು ಒಂದೇ, ಇಷ್ಟು ಸಣ್ಣ ವ್ಯಾಪಾರಕ್ಕೆ ಫೇಸ್‌ಬುಕ್ ಇನ್‌ಸ್ಟಾಗ್ರಾಮಲ್ಲಿ ಆ್ಯಡ್ ಯಾಕೆ, ಹಾಕಿದ ದುಡ್ಡು ವಾಪಸ್ ಬರ್ತದಾ ಅಂತ. ಬರ್ತದೆ. ಆದ್ರೆ ಇವತ್ತು ಹಾಕಿ ನಾಳೆ ಬರುದಲ್ಲ, ವರ್ಷ ಹಿಡೀತದೆ, ಹಾಗಾಗಿ ಅದನ್ನು ಕರೆಂಟ್ ಬಿಲ್ಲಿನ ಸಾಲಲ್ಲಿ ಬರೀದೆ ಬೇರೆಯೇ ಒಂದು ಪುಟದಲ್ಲಿ ಬರೀತೇನೆ, ಬರೆದ ಮೇಲೆ ಅದರ ಹಿಂದೆ ಬಿದ್ದು ಲೆಕ್ಕ ಕೇಳ್ತೇನೆ.

ಶುರುವಲ್ಲಿ ನಮ್ಮ ಮಾವನಿಗೆ ಇದು ಸರಿ ಕಾಣ್ಲಿಲ್ಲ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗ್ತದೆ ಮಗಳೇ" ಅಂತ ಹೇಳಿದ್ರು. ಅವರು ಹೇಳಿದ್ರಲ್ಲಿ ಅರ್ಥ ಉಂಟು, ಗ್ರೈಂಡರ್ ತಂದ್ರೆ ಗ್ರೈಂಡರ್ ಕಣ್ಣೆದುರು ಇರ್ತದೆ, ಆ್ಯಡಿಗೆ ಹಾಕಿದ್ದು ಎಲ್ಲಿ ಹೋಯ್ತು ಅಂತ ತೋರಿಸ್ಲಿಕ್ಕೆ ಒಂದು ವಸ್ತು ಇಲ್ಲ. ನಮ್ಮ ಆಡಿಟರೂ ಹಾಗೇ ಹೇಳುದು, ಅಕೌಂಟಿಂಗ್ ನಿಯಮದಲ್ಲಿ ಜಾಹೀರಾತು ಅಂದ್ರೆ ಆಯಾ ವರ್ಷದ ಖರ್ಚು, ಅದನ್ನು ಆಸ್ತಿ ಅಂತ ತೋರಿಸ್ಲಿಕ್ಕಿಲ್ಲ. ಸರಿ, ಅವರ ಲೆಕ್ಕಕ್ಕೆ ಹಾಗೇ ಇರ್ಲಿ. ನನ್ನ ಕೈ ಪುಸ್ತಕ ಬೇರೆ, ಅದರಲ್ಲಿ ನನಗೆ ಗೊತ್ತಾಗ್ಬೇಕಾದ್ದು ಒಬ್ಬ ಹೊಸ ಗಿರಾಕಿ ಸಿಗ್ಲಿಕ್ಕೆ ನಾನು ಎಷ್ಟು ಕೊಟ್ಟೆ, ಆ ಗಿರಾಕಿಯಿಂದ ಒಂದು ವರ್ಷದಲ್ಲಿ ನನಗೆ ಎಷ್ಟು ಉಳೀತು ಅಂತ. ಈ ಎರಡು ನಂಬರ್ ಗೊತ್ತಿಲ್ಲದೆ ಆ್ಯಡ್ ಹಾಕುದು ಬೇಡವೇ ಬೇಡ.

ಲೆಕ್ಕ ಹೇಗೆ ಅಂತ ಹೇಳ್ತೇನೆ, ಸುಲಭಕ್ಕೆ ರೌಂಡ್ ಫಿಗರ್ ಇಟ್ಕೊಳ್ಳುವ. 50 ಹಪ್ಪಳದ ಒಂದು ಕಟ್ಟು 250 ರೂಪಾಯಿ. ಹಲಸು, ಮೆಣಸು, ಜೀರಿಗೆ, ಹೆಂಗಸರ ಕೂಲಿ, ನನ್ನ ಕೂಲಿ, ಕವರ್, ಲೇಬಲ್ ಎಲ್ಲ ಸೇರಿ 150 ಅಂತ ಇಟ್ಕೊಳ್ಳಿ. (ನನ್ನ ಕೂಲಿ ಅಂತ ಬೇಕಂತಲೇ ಸೇರಿಸಿದ್ದು. ಮನೆ ಹೆಂಗಸರ ಕೆಲಸಕ್ಕೆ ಕೂಲಿ ಹಾಕದಿದ್ರೆ ಯಾವ ಬಿಸಿನೆಸ್ಸಲ್ಲೂ ಲಾಭ ಕಾಣ್ತದೆ, ಅದು ಲಾಭ ಅಲ್ಲ.) ಕಟ್ಟಿಗೆ 100 ಉಳೀತು. ಆರ್ಡರ್ ಮಾಡುವವರು ಸಾಧಾರಣ ಎರಡು ಕಟ್ಟು ತಗೊಳ್ತಾರೆ, ಕೊರಿಯರ್ ಚಾರ್ಜ್ ಅವರದ್ದೇ, ಅಂದ್ರೆ ಒಂದು ಆರ್ಡರಿಗೆ 500 ರೂಪಾಯಿ ಸೇಲ್ಸ್, 200 ಉಳಿಕೆ. ಈಗ ಆ್ಯಡ್ ಮ್ಯಾನೇಜರಲ್ಲಿ (ಫೇಸ್‌ಬುಕ್ಕಿನವರ ಆ್ಯಡ್ ಹಾಕುವ, ಲೆಕ್ಕ ನೋಡುವ ಜಾಗ) 2,200 ಖರ್ಚಾಗಿ ಹತ್ತು ಹೊಸ ಗಿರಾಕಿ ಸಿಕ್ಕಿದ್ರು ಅಂತ ಇಟ್ಕೊಳ್ಳುವ. ಸೇಲ್ಸ್ 5,000, ಹಾಕಿದ್ದರ ಡಬ್ಬಲ್‌ಗಿಂತ ಜಾಸ್ತಿ ಬಂತು ಅಂತ ಕಾಣ್ತದೆ, ತುಂಬ ಜನ ಇಲ್ಲಿಗೇ ಲೆಕ್ಕ ನಿಲ್ಲಿಸ್ತಾರೆ. ಆದ್ರೆ ಆ್ಯಡಿನ ಬಿಲ್ಲಿಗೆ 18% ಜಿಎಸ್‌ಟಿ ಉಂಟು, ಸೇರಿಸಿದ್ರೆ 2,596, ಹತ್ತತ್ರ 2,600. ಮತ್ತೆ ನನ್ನ ಕೈಗೆ ಬರುದು ಆ 5,000 ಅಲ್ಲ, ಅದರಲ್ಲಿ ಉಳಿಯುವ 2,000. ಅಂದ್ರೆ ಮೊದಲನೇ ಆರ್ಡರಲ್ಲಿ 600 ರೂಪಾಯಿ ಕಡಿಮೆಯೇ ಬಂತು.

ಇಲ್ಲಿ ಆ್ಯಡ್ ಬಂದ್ ಮಾಡಿ "ನಮ್ಮದಕ್ಕೆಲ್ಲ ಇದು ಆಗುದಿಲ್ಲ" ಅಂತ ಕೂತವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ, ಅವರ ಹಪ್ಪಳ ನಮ್ಮದಕ್ಕಿಂತ ಏನೂ ಕಮ್ಮಿ ಅಲ್ಲ, ಅದೇ ನನಗೆ ಬೇಜಾರು. ಯಾಕಂದ್ರೆ ಆ ಹತ್ತು ಜನರಲ್ಲಿ ನಾಲ್ಕು ಜನ ಅದೇ ವರ್ಷ ಇನ್ನೂ ಎರಡೆರಡು ಸಲ ತರಿಸಿದ್ರೆ ಎಂಟು ಆರ್ಡರ್ ಆಯ್ತು, ಅದಕ್ಕೆ ಆ್ಯಡಿನ ಖರ್ಚು ಸೊನ್ನೆ, 1,600 ಉಳಿಕೆ. 2,600 ಹಾಕಿದ್ದಕ್ಕೆ ಒಟ್ಟು 3,600 ಬಂತು. ಸಾವಿರ ರೂಪಾಯಿ ಲಾಭ, ಸೊಸೈಟಿಲಿ ಡಿಪಾಸಿಟ್ ಇಟ್ರೆ ಇಷ್ಟು ಯಾರು ಕೊಡ್ತಾರೆ? ಹಾಗಂತ ಇದು ಡಿಪಾಸಿಟಿನ ಹಾಗೆ ಗ್ಯಾರಂಟಿ ಅಲ್ಲ. ಹತ್ತರಲ್ಲಿ ಒಬ್ಬರೇ ಪುನಃ ತರಿಸಿದ್ರೆ ನಷ್ಟ. ಹಾಗಾಗಿ ನಾನು ನೋಡುವ ನಂಬರ್ ಇದು, 600 ಕಡಿಮೆ ಬಿದ್ದದ್ದು ತುಂಬ್ಲಿಕ್ಕೆ ಹತ್ತು ಹೊಸ ಗಿರಾಕಿಗಳ ಒಟ್ಟಿಂದ ಕಡೇಪಕ್ಷ ಮೂರು ರಿಪೀಟ್ ಆರ್ಡರ್ ಬರ್ಬೇಕು. ಮೂರು ಬಂದ್ರೆ ಅಸಲು, ಆಮೇಲಿಂದೆಲ್ಲ ಲಾಭ. ನಿಮ್ಮ ಐಟಂ ಬೇರೆ ಇದ್ರೆ ನಿಮ್ಮ ನಂಬರ್ ಬೇರೆ, ಆದ್ರೆ ಇಂಥ ಒಂದು ನಂಬರ್ ಪೆನ್ನಲ್ಲಿ ಬರೆದು ಇಟ್ಕೊಳ್ಬೇಕು. ಒಂದೇ ಸಲ ತಗೊಳ್ಳುವ ವಸ್ತು ಮಾರುವವರಿಗೆ, ಉದಾಹರಣೆಗೆ ಮದುವೆ ಆಲ್ಬಮ್, ಈ ಲೆಕ್ಕ ನಡೆಯುದಿಲ್ಲ, ಅವರಿಗೆ ಮೊದಲನೇ ಆರ್ಡರಲ್ಲೇ ಆ್ಯಡಿನ ದುಡ್ಡು ಹುಟ್ಬೇಕು.

ಜಿಎಸ್‌ಟಿ ವಿಷಯ ನಮ್ಮ ಗಡಿಯವರಿಗೆ ಸ್ವಲ್ಪ ಬೇರೆ, ಅದು ಹೇಳದಿದ್ರೆ ಲೆಕ್ಕ ತಪ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಇದ್ದೇವೆ, ನಮ್ಮ ಹೆಚ್ಚಿನ ಗಿರಾಕಿಗಳು ಕರ್ನಾಟಕದಲ್ಲಿ. ಗಡಿಯ ತಲಪಾಡಿ ದಾಟಿದ ಪ್ರತಿ ಪಾರ್ಸೆಲ್ಲೂ ಅಂತರ್ ರಾಜ್ಯ ವ್ಯಾಪಾರ. ಟ್ಯಾಕ್ಸ್ ಇರುವ ಸಾಮಾನು, ಉದಾಹರಣೆಗೆ ಉಪ್ಪಿನಕಾಯಿ, ಬೇರೆ ರಾಜ್ಯಕ್ಕೆ ಮಾರುದಾದ್ರೆ ಎಷ್ಟೇ ಸಣ್ಣವರಾದ್ರೂ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು. ಹಪ್ಪಳಕ್ಕೆ ಮಾತ್ರ, ಅದು ಯಾವ ಹೆಸರಿನ ಹಪ್ಪಳ ಆದ್ರೂ, ಟ್ಯಾಕ್ಸೇ ಇಲ್ಲ, ಬರೀ ಅದನ್ನೇ ಮಾರುವವರಿಗೆ ರಿಜಿಸ್ಟ್ರೇಷನ್ನೂ ಬೇಡ. ಇದು ಒಳ್ಳೇದೇ, ಆದ್ರೆ ಆ್ಯಡಿಗೆ ಕೊಟ್ಟ 18% ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ತಗೊಳ್ಲಿಕ್ಕೆ ನನಗೆ ಆಗುದಿಲ್ಲ, ಅದು ಹೋದದ್ದು ಹೋಯ್ತು. ದೊಡ್ಡ ಬ್ರ್ಯಾಂಡಿನವರು ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕ್ತಾರೆ, ಯೂಟ್ಯೂಬಲ್ಲಿ ಕಲಿಸುವವರೂ ಹಾಗೇ ಹೇಳ್ತಾರೆ, ನಮ್ಮಂಥವರು ಸೇರಿಸಿಯೇ ಹಾಕ್ಬೇಕು.

ಇನ್ನು ಯಾರು ಆ್ಯಡಿಂದ ಬಂದವರು ಯಾರು ಬಾಯಿಂದ ಬಾಯಿಗೆ ಕೇಳಿ ಬಂದವರು ಅಂತ ಗೊತ್ತಾಗ್ಬೇಕಲ್ಲ. ನಾನು ಹಾಕುದು ಒತ್ತಿದ್ರೆ ಸೀದಾ ವಾಟ್ಸಾಪ್ ಓಪನ್ ಆಗುವ ಆ್ಯಡ್. ಅದರಿಂದ ಮೆಸೇಜ್ ಬಂದ್ರೆ ಚಾಟಿನ ಮೇಲೆ ಯಾವ ಆ್ಯಡ್ ನೋಡಿ ಬಂದದ್ದು ಅಂತ ಚಿತ್ರ ಸಮೇತ ಕಾಣ್ತದೆ, ಆವಾಗ್ಲೇ ವಾಟ್ಸಾಪ್ ಬಿಸಿನೆಸ್ಸಲ್ಲಿ ಒಂದು ಲೇಬಲ್ ಹಾಕಿ ಬಿಡ್ತೇನೆ, ಯಾವ ವರ್ಷ ಯಾವ ತಿಂಗಳ ಆ್ಯಡ್ ಅಂತ. ಮತ್ತೆ ಬೇರೆ ಹೊಸಬರತ್ರ "ನಮ್ಮ ವಿಷಯ ಎಲ್ಲಿಂದ ಗೊತ್ತಾಯ್ತು" ಅಂತ ಕೇಳಿಯೇ ಕೇಳ್ತೇನೆ, ಯಾರೂ ಬೇಜಾರು ಮಾಡಿಕೊಳ್ಳುದಿಲ್ಲ, "ನಮ್ಮ ಅತ್ತಿಗೆ ತರಿಸಿದ್ರು" ಅಂತ ಹೇಳಿದ್ರೆ ಆ ಅತ್ತಿಗೆ ಆ್ಯಡಿಂದ ಬಂದವರಾ ನೋಡಿ ಅವರ ಸಾಲಿಗೆ ಸೇರಿಸ್ತೇನೆ. ಕೆಲಸ ಸ್ವಲ್ಪ ಕಿರಿಕಿರಿ. ಆದ್ರೆ ಇದು ಮಾಡದಿದ್ರೆ ಮೇಲಿನ ಲೆಕ್ಕಕ್ಕೆ ತಲೆಬುಡ ಇಲ್ಲ.

ಪುನಃ ತರಿಸುವವರು ತನ್ನಿಂತಾನೇ ಬರುದಿಲ್ಲ, ಅವರಿಗೆ ನೆನಪು ಮಾಡ್ಬೇಕು. ನಾನು ಮಾಡುದು ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್, ಒಂದೇ ಮೆಸೇಜನ್ನು ತುಂಬ ಜನರಿಗೆ ಬೇರೆ ಬೇರೆಯಾಗಿ ಕಳಿಸುದು. ಒಂದು ಲಿಸ್ಟಿಗೆ 256 ಜನ, ಮತ್ತೆ ನಮ್ಮ ನಂಬರ್ ಅವರ ಫೋನಲ್ಲಿ ಸೇವ್ ಇದ್ರೆ ಮಾತ್ರ ಮೆಸೇಜ್ ಹೋಗುದು. ಹಾಗಾಗಿ ಪ್ರತಿ ಪಾರ್ಸೆಲ್ಲಲ್ಲಿ ಒಂದು ಸಣ್ಣ ಚೀಟಿ, ಹಪ್ಪಳ ಹೇಗೆ ಕರಿಯುದು, ಡಬ್ಬಲ್ಲಿ ಹೇಗೆ ಇಡುದು, ಕೊನೆಗೆ "ನಂಬರ್ ಸೇವ್ ಮಾಡಿ, ಹೊಸ ಹಪ್ಪಳ ಆದಾಗ ತಿಳಿಸ್ತೇವೆ". ಈ ಚೀಟಿ ಪ್ರಿಂಟ್ ಮಾಡಿದ ಖರ್ಚನ್ನೂ ನಾನು ಆ್ಯಡಿನ ಪುಟದಲ್ಲೇ ಬರೆಯುದು. ತಿಂಗಳಿಗೆ ಒಂದೇ ಮೆಸೇಜ್, ದಿನಾ ಗುಡ್ ಮಾರ್ನಿಂಗ್ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಸೀಸನ್ನಿನ ವಿಷಯ. ನಮಗೆ ದುಡ್ಡು ಬೇಕಾಗುದು ಎಪ್ರಿಲಲ್ಲಿ. ಹಲಸು ಬೆಳೆದಿರ್ತದೆ, ಬಿಸಿಲು ಇರ್ತದೆ, ಸೊಳೆ ಬಿಡಿಸಿ ಬೇಯಿಸಿ ಕಡೆದು ಉಂಡೆ ಮಾಡಿ ಒತ್ತಿ ಚಾಪೆಲಿ ಹರಡ್ಬೇಕು, ನಮ್ಮ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸರು ಬರ್ತಾರೆ, ಅವರಿಗೆ ಅಂದಂದಿನ ಕೂಲಿ ಅಂದೇ ಕೊಡ್ಬೇಕು, ಸಾಲ ಹೇಳ್ಲಿಕ್ಕಾಗುದಿಲ್ಲ, ಹೇಳ್ಲೂಬಾರ್ದು. ಆದ್ರೆ ಮಾರಾಟ ಶುರು ಆಗುದು ಜೂನಲ್ಲಿ. ಮೊದಲೆಲ್ಲ ಈ ಎರಡು ತಿಂಗಳಿಗೆ ಬಂಗಾರ ಅಡ ಇಟ್ಟೇ ದಾಟುದು ಇಲ್ಲಿಯ ಪದ್ಧತಿ. ಹೋದ ವರ್ಷದ ಆ್ಯಡಿಂದ ಬಂದ ಗಿರಾಕಿಗಳಿಗೆ ನಾನು ಮಾರ್ಚ್ ಕೊನೆಗೆ ಒಂದು ಮೆಸೇಜ್ ಹಾಕಿದೆ, ಈಗ ಬುಕ್ ಮಾಡಿ ದುಡ್ಡು ಕಳಿಸಿದವರಿಗೆ ಮೊದಲ ಬಿಸಿಲಿನ ಹಪ್ಪಳ, ರೇಟ್ ಹಳೇದೇ ಅಂತ. ಬಂದ ಅಡ್ವಾನ್ಸಲ್ಲಿ ಕೂಲಿಯ ಒಂದು ಭಾಗ ಕಳೀತು, ಬಡ್ಡಿ ಉಳೀತು. ಆ್ಯಡಿನ ದುಡ್ಡು ಎಲ್ಲಿ ಹೋಯ್ತು ಅಂತ ಮಾವನಿಗೆ ನಾನು ತೋರಿಸಿದ್ದು ಇದನ್ನೇ, ಅವರು ಆ ಪುಟ ಎರಡು ಸಲ ನೋಡಿದ್ರು, ಮತ್ತೆ "ಬರುವ ಮಳೆಗಾಲಕ್ಕೆ ಎಷ್ಟು ಇಟ್ಟಿದ್ದಿ" ಅಂತ ಕೇಳಿದ್ರು.

ಹಾಗಾಗಿ ನನ್ನ ಆ್ಯಡ್ ಜೂನಿಂದ ಆಗಸ್ಟಿನವರೆಗೆ ಮಾತ್ರ. ಮಳೆ ಹೊಡೀತಾ ಇರುವಾಗ, ತುಳುವರ ಆಟಿ ತಿಂಗಳಲ್ಲಿ, ಹೊರಗೆ ಹೋಗ್ಲಿಕ್ಕಾಗದೆ ಕೂತವರಿಗೆ ತೆಂಗಿನೆಣ್ಣೆಲಿ ಹಪ್ಪಳ ಅರಳುವ ವಿಡಿಯೋ ಕಂಡ್ರೆ ಕೈ ತನ್ನಿಂತಾನೇ ಫೋನಿಗೆ ಹೋಗ್ತದೆ. ಸ್ಟಾಕ್ ಅರ್ಧಕ್ಕಿಂತ ಕೆಳಗೆ ಬಂತಾ, ಆ್ಯಡ್ ಬಂದ್. ಉಳಿದ ಅರ್ಧ ಹಳೇ ಗಿರಾಕಿಗಳಿಗೆ ಮೀಸಲು, ಯಾಕಂದ್ರೆ ಅವರು ಕೇಳಿದಾಗ "ಮುಗೀತು" ಅಂತ ಹೇಳಿದ್ರೆ ಆ ರಿಪೀಟ್ ಆರ್ಡರೂ ಹೋಯ್ತು, ಹಾಕಿದ ದುಡ್ಡೂ ಹೋಯ್ತು. ಹಪ್ಪಳ ಫ್ಯಾಕ್ಟರಿ ಮಾಲಲ್ಲ ನೋಡಿ, ಅಕ್ಟೋಬರಲ್ಲಿ ಖಾಲಿ ಆದ್ರೆ ಮತ್ತೆ ಎಪ್ರಿಲೇ.

ಆ್ಯಡ್ ಸೆಟ್ಟಿಂಗಿನ ಬಗ್ಗೆ ಜಾಸ್ತಿ ಬರೀಲಿಕ್ಕಿಲ್ಲ, ಅದು ಬದಲಾಗ್ತಾ ಇರ್ತದೆ. ಎರಡು ಮಾತು ಮಾತ್ರ. ಭಾಷೆ ಕನ್ನಡ ಅಂತ ಸೆಲೆಕ್ಟ್ ಮಾಡಿದ್ರೆ ಫೋನಿನ ಆ್ಯಪನ್ನು ಕನ್ನಡದಲ್ಲಿ ಇಟ್ಕೊಂಡವರಿಗೆ ಹೋಗುದು, ನಮ್ಮ ಗಿರಾಕಿಗಳ ಫೋನೆಲ್ಲ ಇಂಗ್ಲಿಷಲ್ಲಿ, ಹಾಗಾಗಿ ಭಾಷೆ ಖಾಲಿ ಬಿಟ್ಟು ಮ್ಯಾಪಲ್ಲಿ ಬಸವನಗುಡಿ, ಗಿರಿನಗರ, ಮಲ್ಲೇಶ್ವರ ಇಂಥ ಕಡೆ ಪಿನ್ ಇಟ್ಟು ಸುತ್ತ ಕೆಲವು ಕಿಲೋಮೀಟರ್ ಹಾಕಿದೆ, ವಿಡಿಯೋಲಿ ಮಾತಾಡುದು ನಮ್ಮ ಊರಿನ ಕನ್ನಡದಲ್ಲೇ, "ಎಂತ ಮಾರಾಯ್ರೆ, ಹಪ್ಪಳ ಉಂಟಾ?" ಅಂತ ಶುರು. ನಮ್ಮವರು ಯಾರು ಅಂತ ಹುಡುಕುವ ಕೆಲಸ ಆ ಮಾತೇ ಮಾಡ್ತದೆ, ಕೇಳಿದವರು ನಿಲ್ತಾರೆ, ಉಳಿದವರು ಮುಂದೆ ಹೋಗ್ತಾರೆ. ಇನ್ನೊಂದು, ಸಣ್ಣ ಬಜೆಟ್ಟನ್ನು ಐದಾರು ಆ್ಯಡ್ ಸೆಟ್ಟಿಗೆ (ಯಾರಿಗೆ, ಎಲ್ಲಿ ತೋರಿಸ್ಬೇಕು ಅಂತ ಮಾಡುವ ಒಂದೊಂದು ಗುಂಪು) ಹಂಚ್ಬಾರ್ದು. ಒಂದೊಂದು ಸೆಟ್ಟಿಗೂ ವಾರಕ್ಕೆ 50ರ ಹತ್ರ ರಿಸಲ್ಟ್ ಸಿಕ್ಕಿದ್ರೆ ಆ್ಯಡ್ ಯಾರಿಗೆ ತೋರಿಸ್ಬೇಕು ಅಂತ ಅದು ಸರಿಯಾಗಿ ಕಲೀತದೆ ಅಂತ ಫೇಸ್‌ಬುಕ್ ನಡೆಸುವ ಮೆಟಾದವರೇ ಹೇಳ್ತಾರೆ, ನಮ್ಮ ದುಡ್ಡಿಗೆ ಒಂದು ಸೆಟ್ಟಿಗೇ ಅಷ್ಟು ಕಷ್ಟ. ದಿನಾ ಕೂತು ಅದನ್ನು ಇದನ್ನು ಬದಲಿಸ್ಲೂಬಾರ್ದು, ದೊಡ್ಡ ಬದಲಾವಣೆ ಮಾಡಿದ್ರೆ ಕಲಿಕೆ ಪುನಃ ಮೊದಲಿಂದ.

ನಮಗೆ ಒಂದು ಅನುಕೂಲ ಇತ್ತು, ಅದು ಹೇಳದಿದ್ರೆ ನ್ಯಾಯ ಅಲ್ಲ. ಹಲಸು ಅಂದ್ರೆ ಎಂತದು ಅಂತ ನಾನು ದುಡ್ಡು ಕೊಟ್ಟು ಯಾರಿಗೂ ಹೇಳಿಕೊಡ್ಬೇಕಾಗ್ಲಿಲ್ಲ. ಪುತ್ತೂರಿನ ಕೃಷಿ ಮಾಸಿಕ ಅಡಿಕೆ ಪತ್ರಿಕೆ, ನಮ್ಮ ಪೆರ್ಲ ಕಡೆಯ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ವರ್ಷಗಟ್ಟಲೆ ಹಲಸಿನ ಬಗ್ಗೆ ಬರೆದು ಬರೆದು ಜನರಿಗೆ ಅದರ ಬೆಲೆ ಗೊತ್ತು ಮಾಡಿಸಿದ್ದಾರೆ, 2018ರ ಮಾರ್ಚಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಣೆಯೂ ಮಾಡಿತು. ಯಾರಿಗೂ ಗೊತ್ತಿಲ್ಲದ ಐಟಂ ಮಾರುವವರಿಗೆ ಗಿರಾಕಿ ಸಿಗ್ಲಿಕ್ಕೆ ಇದಕ್ಕಿಂತ ಜಾಸ್ತಿ ಖರ್ಚಾಗ್ಬಹುದು, ನನ್ನ ನಂಬರ್ ನೋಡಿ ಲೆಕ್ಕ ಹಾಕ್ಬೇಡಿ.

ದುಡ್ಡು ಎಲ್ಲಿಂದ ಅಂತ ಕೇಳಿದವರಿಗೆ, ಹೋದ ಸೀಸನ್ನಿನ ಲಾಭದಲ್ಲಿ ಒಂದು ಪಾಲು ಬೇರೆ ಅಕೌಂಟಲ್ಲಿ ಇಡ್ತೇನೆ, ಆ ವರ್ಷದ ಆ್ಯಡ್ ಅಷ್ಟರಲ್ಲೇ. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಉಜ್ಜಿ ಆ್ಯಡ್ ಹಾಕ್ಲಿಕ್ಕೆ ನಾನು ಯಾರಿಗೂ ಹೇಳುದಿಲ್ಲ, ವರ್ಷ ಕಾಯ್ಬೇಕಾದ ದುಡ್ಡಿಗೆ ತಿಂಗಳ ಬಡ್ಡಿ ಕಟ್ಟಿದ್ರೆ ಉಳಿಯುವ ಸಾವಿರವೂ ಬ್ಯಾಂಕಿಗೇ.

ಈ ವರ್ಷ ಮಲಯಾಳಂ ಆ್ಯಡ್ ಒಂದು ಶುರು ಮಾಡಿದ್ದೇನೆ, ಕಾಞಂಗಾಡ್, ಕಣ್ಣೂರು ಕಡೆಗೆ, ನಮ್ಮ ಪಕ್ಕದ ಮನೆಯ ಚೇಚಿಯೇ (ಅಕ್ಕ) ಮಾತಾಡಿದ್ದು. ಆ ಕಡೆಯವರೂ ಚಕ್ಕ ಪಪ್ಪಡ (ಹಲಸಿನ ಹಪ್ಪಳ) ತಿನ್ನುವವರೇ, ಪಾರ್ಸೆಲ್ ಚಾರ್ಜೂ ಕಮ್ಮಿ. ಅದಕ್ಕೆ ಬೇರೆ ಪುಟ, ಬೇರೆ ಲೇಬಲ್, ಬೇರೆ ಮಿತಿ. ಮೊದಲ ಆರ್ಡರಿನ ನಂಬರ್ ಕನ್ನಡದ ಆ್ಯಡಿಗಿಂತ ಸ್ವಲ್ಪ ಹಿಂದೆ ಉಂಟು, ಆದ್ರೆ ರಿಪೀಟ್ ನೋಡದೆ ಬಂದ್ ಮಾಡುದಿಲ್ಲ, ಬರುವ ಎಪ್ರಿಲಿನ ಬುಕಿಂಗಲ್ಲಿ ಅವರಲ್ಲಿ ಎಷ್ಟು ಜನ ಇದ್ದಾರೆ ನೋಡಿ ಮತ್ತೆ ತೀರ್ಮಾನ.